ಡೈರಿ ಮತ್ತು ಫ್ರೋಜನ್ ಸರಕು ಹಂಚಲು ಒಂದು ದೊಡ್ಡ ರೀಫರ್ ಟ್ರಕ್ ತಗೊಳ್ಳಲಾ, ಎರಡು ಸಣ್ಣ ವ್ಯಾನ್ ತಗೊಳ್ಳಲಾ?

ನೀವು ಕೇಳಿರುವುದು ಇಷ್ಟು: ಹಾಲಿನ ಪದಾರ್ಥ ಮತ್ತು ಫ್ರೋಜನ್ ಸರಕು ಎರಡನ್ನೂ ಅಂಗಡಿಗಳಿಗೆ ಹಂಚಬೇಕು, ಯಾವ ಗಾಡಿ ಸರಿ, ಸೆಕೆಂಡ್ ಹ್ಯಾಂಡ್ ಆದರೆ ಏನು ನೋಡಬೇಕು. ನಾನು ಈ ಗಾಡಿಗಳ ಕೂಲಿಂಗ್ ಯೂನಿಟ್ ರಿಪೇರಿ ಮಾಡುವವನು. ಹಾಗಾಗಿ ಗಾಡಿ ಮಾರುವವರು ಸಾಮಾನ್ಯವಾಗಿ ಹೇಳದ ವಿಷಯದಿಂದಲೇ ಶುರು ಮಾಡುತ್ತೇನೆ.

ರೀಫರ್, ಅಂದರೆ ಕೂಲಿಂಗ್ ಯೂನಿಟ್ ಇರುವ ಗಾಡಿಯ ಕೆಲಸ ತಣ್ಣಗಿರುವ ಸರಕನ್ನು ಹಾಗೇ ಕಾಯುವುದು, ಅಷ್ಟೇ. "ಕೂಲಿಂಗ್ ಬರ್ತಿಲ್ಲ" ಎಂದು ನನ್ನ ಹತ್ತಿರ ಬರುವ ಎಷ್ಟೋ ಗಾಡಿಗಳಲ್ಲಿ ಯೂನಿಟ್ ಚೆನ್ನಾಗೇ ಇರುತ್ತದೆ. 12 ಡಿಗ್ರಿಯ ಸರಕು ತುಂಬಿ, ದಾರಿಯಲ್ಲಿ 4ಕ್ಕೆ ಇಳಿಯಲಿ ಎಂದು ಕಾಯುತ್ತಿರುತ್ತಾರೆ. ಗಾಳಿ ಬೇಗ ತಣ್ಣಗಾಗುತ್ತದೆ, ಡಿಸ್‌ಪ್ಲೇ 4 ಎಂದು ತೋರಿಸುತ್ತದೆ. ಕ್ರೇಟ್ ನಡುವಿನ ಸರಕು ಮಾತ್ರ ಇನ್ನೂ ಬೆಚ್ಚಗೇ ಇರುತ್ತದೆ. ಹಾಗಾಗಿ ನಿಮ್ಮ ಕೋಲ್ಡ್ ರೂಮ್ ಗಟ್ಟಿ ಇಲ್ಲದಿದ್ದರೆ ಮೊದಲು ಅದಕ್ಕೆ ದುಡ್ಡು ಹಾಕಿ, ಗಾಡಿ ಆಮೇಲೆ. ಲೋಡ್ ಮಾಡುವ ಮುಂಚೆ ಖಾಲಿ ಬಾಡಿಯನ್ನೂ (ಸರಕು ತುಂಬುವ ಡಬ್ಬ) ತಣ್ಣಗೆ ಮಾಡಿಟ್ಟುಕೊಳ್ಳಬೇಕು. ಲೋಡ್ ಮಾಡುವಾಗ ಯೂನಿಟ್ ಆಫ್ ಮಾಡಿ, ಇಲ್ಲದಿದ್ದರೆ ಅದು ಹೊರಗಿನ ಬಿಸಿ ಗಾಳಿಯನ್ನೇ ಒಳಗೆ ಎಳೆಯುತ್ತದೆ.

ಇನ್ನು ದೊಡ್ಡದಾ ಸಣ್ಣದಾ ಅನ್ನುವುದು. ಎಲ್ಲರೂ ಎಷ್ಟು ಟನ್ ಎಂದು ಲೆಕ್ಕ ಹಾಕುತ್ತಾರೆ. ನಾನು ಮೊದಲು ಕೇಳುವುದು, ದಿನಕ್ಕೆ ಎಷ್ಟು ಸಲ ಬಾಗಿಲು ತೆಗೆಯುತ್ತೀರಿ ಎಂದು. ಒಂದೇ ಕಡೆ ತುಂಬಿ ಒಂದೇ ಕಡೆ ಇಳಿಸುವ ದೂರದ ಓಟಕ್ಕೆ ದೊಡ್ಡ ಟ್ರಕ್ ಒಳ್ಳೆಯದು. ಅಂಗಡಿ ಅಂಗಡಿಗೆ ನಿಲ್ಲುವ ಕೆಲಸ ಬೇರೆ. ಪ್ರತಿ ಸಲ ಬಾಗಿಲು ತೆಗೆದಾಗ ತಣ್ಣನೆ ಗಾಳಿ ಕೆಳಗಿನಿಂದ ಹೊರಗೆ ಸುರಿದು ಹೋಗುತ್ತದೆ, ಮೇಲಿನಿಂದ ತೇವದ ಬಿಸಿ ಗಾಳಿ ಒಳಗೆ ನುಗ್ಗುತ್ತದೆ. ಆ ತೇವವೇ ಗಾಳಿಯನ್ನು ತಣ್ಣಗೆ ಮಾಡುವ ಕಾಯಿಲ್ ಮೇಲೆ ಮಂಜಾಗಿ ಕೂರುತ್ತದೆ. ಮಂಜು ಕಟ್ಟಿದರೆ ಗಾಳಿ ಓಡುವುದಿಲ್ಲ, ಅದನ್ನು ಕರಗಿಸಲು ಯೂನಿಟ್ ಮತ್ತೆ ಮತ್ತೆ ಡಿಫ್ರಾಸ್ಟ್‌ಗೆ ಹೋಗುತ್ತದೆ. ಇಂಥ ಕೆಲಸಕ್ಕೆ ಎರಡು ಸಣ್ಣ ವ್ಯಾನ್ ವಾಸಿ. ಪಕ್ಕದ ಬಾಗಿಲು, ಪ್ಲಾಸ್ಟಿಕ್ ಪಟ್ಟಿಯ ಪರದೆ ಎರಡೂ ಇರಲಿ. ಕಡೆಗೆ ಇಳಿಸುವ ಸರಕನ್ನು ಮೊದಲು ತುಂಬಿ. ಗಾಡಿ ಎರಡಿದ್ದರೆ ಒಂದು ಕೆಟ್ಟ ದಿನ ಅಂಗಡಿಯವರ ಮುಂದೆ ಪೂರ್ತಿ ಕೈ ಎತ್ತಬೇಕಾಗುವುದಿಲ್ಲ.

ಹಾಲಿನ ಪದಾರ್ಥಕ್ಕೆ 0ರಿಂದ 4 ಡಿಗ್ರಿ ಬೇಕು, ಫ್ರೋಜನ್‌ಗೆ ಮೈನಸ್ 18, ಐಸ್ ಕ್ರೀಮ್‌ಗೆ ಇನ್ನೂ ಕೆಳಗೆ. ಎರಡನ್ನೂ ಒಂದೇ ಡಬ್ಬದಲ್ಲಿ ಹಾಕಿ ನಡುವಿನ ಯಾವುದೋ ಡಿಗ್ರಿ ಇಟ್ಟರೆ ಎರಡೂ ಕೆಡುತ್ತವೆ. ನಡುವೆ ಗೋಡೆ, ಎರಡು ಕಡೆಗೂ ಬೇರೆ ಬೇರೆ ಕಾಯಿಲ್ ಇರುವ ಮಲ್ಟಿ ಟೆಂಪರೇಚರ್ ಬಾಡಿ ಸಿಗುತ್ತದೆ. ಫ್ರೋಜನ್ ಮುಂದೆ, ಚಿಲ್ಡ್ (ಹಾಲಿನ ಪದಾರ್ಥದಂಥ ಹೆಪ್ಪುಗಟ್ಟದ ತಣ್ಣನೆ ಸರಕು) ಹಿಂದೆ. ಆದರೆ ಬೆಲೆ ಜಾಸ್ತಿ, ತಲೆನೋವೂ ಜಾಸ್ತಿ. ಎರಡು ವ್ಯಾನ್ ತಗೊಳ್ಳುವುದಾದರೆ ಒಂದನ್ನು ಚಿಲ್ಡ್‌ಗೆ, ಇನ್ನೊಂದನ್ನು ಫ್ರೋಜನ್‌ಗೆ ಇಟ್ಟುಬಿಡಿ. ಫ್ರೋಜನ್ ಬಾಡಿಯಲ್ಲಿ ಚಿಲ್ಡ್ ಓಡಿಸಬಹುದು, ಉಲ್ಟಾ ಆಗುವುದಿಲ್ಲ. ಮುಂದೆ ಹಣ್ಣು ತರಕಾರಿಗೆ ಕೈ ಹಾಕಿದರೆ ಅದು ಬೇರೆಯದೇ ಲೋಕ. ಬಾಳೆಹಣ್ಣನ್ನು 13 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆ ಕಪ್ಪಾಗುತ್ತದೆ. ಸೇಬು ಬಿಡುವ ಎಥಿಲೀನ್ ಗ್ಯಾಸ್‌ಗೆ ಪಕ್ಕದ ಸೊಪ್ಪು ಹಳದಿಯಾಗುತ್ತದೆ.

ಬಾಡಿ ಬಗ್ಗೆ ಸ್ವಲ್ಪ ತಲೆ ಕೆಡಿಸಿಕೊಳ್ಳಿ, ಯೂನಿಟ್ ಬ್ರ್ಯಾಂಡ್‌ಗಿಂತ ಇದು ಮುಖ್ಯ. ಗೋಡೆಯೊಳಗೆ ಶಾಖ ತಡೆಯುವ ಪಫ್ ಫೋಮ್ ಇರುತ್ತದೆ. ಬಾಡಿ ಎಷ್ಟು ಶಾಖ ಒಳಗೆ ಬಿಡುತ್ತದೆ ಅನ್ನುವುದನ್ನು ಅಳೆಯುವುದು ಕೆ ವ್ಯಾಲ್ಯೂ, ಅದು ಕಡಿಮೆ ಇದ್ದಷ್ಟೂ ಒಳ್ಳೆಯದು. 1970ರಲ್ಲಿ ಆದ ಎಟಿಪಿ ಅನ್ನುವ, ಬೇಗ ಕೆಡುವ ಆಹಾರ ಸಾಗಿಸುವುದರ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಮಾಮೂಲಿ ಇನ್ಸುಲೇಷನ್ ಎಂದರೆ ಈ ಅಂಕಿ 0.70ರೊಳಗೆ, ಫ್ರೋಜನ್‌ಗೆ ಬೇಕಾದ ದಪ್ಪ ಇನ್ಸುಲೇಷನ್ ಎಂದರೆ 0.40ರೊಳಗೆ ಇರಬೇಕು. ನಿಮ್ಮ ಕಡೆ ಆ ನಿಯಮ ಇಲ್ಲದಿದ್ದರೂ ಬಾಡಿ ಕಟ್ಟುವವರನ್ನು ಈ ಅಂಕಿ ಕೇಳಿ. ತಡವರಿಸಿದರೆ ಬೇರೆಯವರನ್ನು ನೋಡಿ. ಫೋಮ್, ಯೂನಿಟ್ ಎರಡರ ತೂಕವೂ ನಿಮ್ಮ ಲೋಡಿನಿಂದಲೇ ಕಳೆಯುತ್ತದೆ. ಗೋಡೆ ದಪ್ಪಗಾದಷ್ಟೂ ಒಳಗಿನ ಅಗಲ ಕಡಿಮೆ. ನಿಮ್ಮ ಕ್ರೇಟ್ ಅಳತೆ ಹಿಡಿದುಕೊಂಡೇ ಗಾಡಿ ನೋಡಲು ಹೋಗಿ.

ಸಣ್ಣ ವ್ಯಾನ್‌ಗಳಲ್ಲಿ ಕಂಪ್ರೆಸರ್ ಗಾಡಿಯ ಇಂಜಿನ್‌ನಿಂದಲೇ ತಿರುಗುತ್ತದೆ. ಇಂಜಿನ್ ಆಫ್ ಆದರೆ ಕೂಲಿಂಗ್ ಆಫ್. ಟ್ರಾಫಿಕ್‌ನಲ್ಲಿ ಐಡಲ್‌ನಲ್ಲಿ ನಿಂತಿದ್ದರೂ ಕೂಲಿಂಗ್ ಕಡಿಮೆಯೇ. ಅದಕ್ಕೇ ಕರೆಂಟಿಗೆ ಪ್ಲಗ್ ಮಾಡುವ ಸ್ಟ್ಯಾಂಡ್‌ಬೈ ಇರುವುದನ್ನೇ ತಗೊಳ್ಳಿ. ದೊಡ್ಡ ಟ್ರಕ್‌ಗಳಲ್ಲಿ ಯೂನಿಟ್‌ಗೆ ತನ್ನದೇ ಡೀಸೆಲ್ ಇಂಜಿನ್ ಇರುತ್ತದೆ, ಗಾಡಿ ನಿಂತರೂ ಓಡುತ್ತದೆ. ಇನ್ನೊಂದು ದಾರಿ ಯುಟೆಕ್ಟಿಕ್ ಪ್ಲೇಟ್, ಅಂದರೆ ಹೆಪ್ಪುಗಟ್ಟುವ ದ್ರಾವಣ ತುಂಬಿದ ಪ್ಲೇಟ್. ರಾತ್ರಿಯೆಲ್ಲ ಕರೆಂಟಿನಲ್ಲಿ ಪ್ಲೇಟ್ ಹೆಪ್ಪುಗಟ್ಟಿಸಿದರೆ ಹಗಲು ಸದ್ದಿಲ್ಲದೆ ತಣ್ಣಗಿಡುತ್ತದೆ. ಐಸ್ ಕ್ರೀಮ್ ಹಂಚುವವರಿಗೆ ಇದು ಇಷ್ಟ. ಆದರೆ ಭಾರ ಜಾಸ್ತಿ, ಡಿಗ್ರಿಯನ್ನು ಬೇಕಾದ ಹಾಗೆ ಬದಲಿಸಲು ಆಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ನೋಡುವಾಗ ಬಿಸಿಲು ಹೊತ್ತಿನಲ್ಲಿ ಹೋಗಿ. ಖಾಲಿ ಬಾಡಿ, ಬಾಗಿಲು ಮುಚ್ಚಿ, ಮೈನಸ್ 20ಕ್ಕೆ ಇಟ್ಟು ನಿಜವಾಗಿ ತಲುಪುತ್ತದಾ ನೋಡಿ. ಆಮೇಲೆ ಯೂನಿಟ್ ಆಫ್ ಮಾಡಿ, ಡಿಗ್ರಿ ಎಷ್ಟು ಬೇಗ ಏರುತ್ತದೆ ಗಮನಿಸಿ. ಸರಸರನೆ ಏರಿದರೆ ಗ್ಯಾಸ್ಕೆಟ್ (ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿ) ಹೋಗಿದೆ, ಇಲ್ಲವೇ ಫೋಮ್ ನೀರು ಕುಡಿದಿದೆ ಎಂದರ್ಥ. ಗ್ಯಾಸ್ಕೆಟ್ ನೋಡುವುದು ಸುಲಭ, ಬಾಗಿಲಿಗೆ ಒಂದು ಕಾಗದ ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಸೋರುತ್ತಿದೆ. ಫೋಮ್‌ಗೆ ನೀರು ಹೋಗಿದೆಯಾ ಎಂದು ತಿಳಿಯಲು ಖಾಲಿ ಗಾಡಿಯನ್ನು ವೇ ಬ್ರಿಡ್ಜ್ ಮೇಲೆ ನಿಲ್ಲಿಸಿ, ತೂಕ ಕಾಗದದಲ್ಲಿರುವುದಕ್ಕಿಂತ ಜಾಸ್ತಿ ಇದೆಯಾ ನೋಡಿ. ಗ್ಯಾಸ್ಕೆಟ್ ಬದಲಿಸಬಹುದು, ನೆಂದ ಫೋಮ್‌ಗೆ ನಾನೂ ಏನೂ ಮಾಡಲಾರೆ. ಯೂನಿಟ್‌ನಲ್ಲಿ ಯಾವ ಗ್ಯಾಸ್ ಇದೆ ಎಂದೂ ಕೇಳಿ. ಹಳೆಯ ಆರ್-404ಎ ಭೂಮಿಯನ್ನು ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 3,900 ಪಟ್ಟು ಜಾಸ್ತಿ ಬಿಸಿ ಮಾಡುವ ಗ್ಯಾಸ್. ಅದಕ್ಕೆ ಎಷ್ಟೋ ಕಡೆ ಅದನ್ನು ಕಡಿಮೆ ಮಾಡುತ್ತಾ ಬರುತ್ತಿದ್ದಾರೆ.

ತುಂಬುವಾಗ ಸೀಲಿಂಗ್‌ವರೆಗೆ ಒತ್ತಬೇಡಿ. ಗೋಡೆಗೂ ತಾಗಿಸಬೇಡಿ, ನೆಲಕ್ಕೆ ಪ್ಯಾಲೆಟ್ ಹಾಕಿ. ಗಾಳಿ ಸುತ್ತ ಓಡದಿದ್ದರೆ ಎಂಥ ಯೂನಿಟ್ ಇದ್ದೂ ಸುಮ್ನೆ. ಸರಕಿಗೆ ಚುಚ್ಚಿ ನೋಡುವ ಒಂದು ಪ್ರೋಬ್ ಥರ್ಮಾಮೀಟರ್ ಡ್ರೈವರ್ ಕೈಯಲ್ಲಿರಲಿ, ಡಿಗ್ರಿಯನ್ನು ತಾನೇ ದಾಖಲಿಸುವ ಒಂದು ಡಾಟಾ ಲಾಗರ್ ಬಾಗಿಲ ಹತ್ತಿರ ಇರಲಿ. ಸರಕು ವಾಪಸ್ ಬಂದ ದಿನ ಜಗಳ ಬಗೆಹರಿಸುವುದು ಆ ರೆಕಾರ್ಡೇ.

ಸದ್ಯಕ್ಕೆ ಆರ್ಡರ್ ಕಡಿಮೆ ಇದ್ದರೆ ಇದ್ಯಾವುದೂ ಬೇಡ. ಮಾಮೂಲಿ ಕಾರ್ಗೋ ವ್ಯಾನ್, ಒಳಗೆ ಇನ್ಸುಲೇಟೆಡ್ ಬಾಕ್ಸ್, ಜೆಲ್ ಪ್ಯಾಕ್ ಇಟ್ಟು ಹತ್ತಿರದ ಅಂಗಡಿಗಳಿಗೆ ಶುರು ಮಾಡಿ. ಡ್ರೈ ಐಸ್ ಬಳಸಿದರೆ ಹುಷಾರು. ಅದು ಮೈನಸ್ 78.5 ಡಿಗ್ರಿ, ಬರಿಗೈಲಿ ಮುಟ್ಟಿದರೆ ಚರ್ಮ ಸುಡುತ್ತದೆ. ಅದು ಬಿಡುವ ಕಾರ್ಬನ್ ಡೈಆಕ್ಸೈಡ್ ಮುಚ್ಚಿದ ವ್ಯಾನ್‌ನಲ್ಲಿ ತುಂಬಿದರೆ ಡ್ರೈವರ್‌ಗೆ ಉಸಿರು ಕಟ್ಟುತ್ತದೆ. ಕಿಟಕಿ ತೆರೆದಿರಲೇಬೇಕು.

ದಿನಕ್ಕೆ ಎಷ್ಟು ಸ್ಟಾಪ್, ಯಾವ ಅಳತೆಯ ಕ್ರೇಟ್, ರಾತ್ರಿ ಗಾಡಿ ನಿಲ್ಲುವ ಕಡೆ ಪ್ಲಗ್ ಇದೆಯಾ, ಈ ಮೂರನ್ನು ಕಾಮೆಂಟ್‌ನಲ್ಲಿ ಬರೆಯಿರಿ. ಎಷ್ಟು ದೊಡ್ಡ ಯೂನಿಟ್ ಬೇಕಾಗಬಹುದು ಎಂದು ಹೇಳುತ್ತೇನೆ.