ಡೇ ಕೇರ್‌ನಲ್ಲಿ ಮಗುವಿಗೆ ಗಾಯವಾದರೆ ದೂರಿನ ತನಿಖೆ ಹೇಗೆ ನಡೆಯುತ್ತದೆ?

ಮೊದಲು ವೈದ್ಯರಿಗೆ ತೋರಿಸಿ. ಗಾಯದ ಜಾಗ, ಬಣ್ಣ, ಆಕಾರ ದಾಖಲಾಗಲಿ. ಅದೇ ದಿನ ಸಿಸಿಟಿವಿ ದೃಶ್ಯಗಳನ್ನು ಉಳಿಸಿಡುವಂತೆ ಕೇಂದ್ರಕ್ಕೆ ಲಿಖಿತವಾಗಿ ತಿಳಿಸಿ. ತಡಮಾಡಿದರೆ ಹಳೆಯದರ ಮೇಲೆ ಹೊಸ ದೃಶ್ಯ ದಾಖಲಾಗಿ ಸಾಕ್ಷ್ಯವೇ ಅಳಿಸಿಹೋಗಬಹುದು. ದೂರನ್ನು ಪೊಲೀಸ್ ಠಾಣೆಗೆ ಕೊಡಿ, ಇಲ್ಲವೇ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಬರೆಯಬಹುದು.

ತನಿಖೆಯ ತಿರುಳು ಇಷ್ಟು: ಸಿಬ್ಬಂದಿಯ ವಿವರಣೆಗೂ ಗಾಯಕ್ಕೂ ತಾಳೆಯಾಗುತ್ತದೆಯೇ? ಇನ್ನೂ ತೆವಳಲೂ ಬಾರದ ಕೂಸು ‘ಓಡುವಾಗ ಬಿದ್ದಿತು’ ಎಂದರೆ ಒಪ್ಪಲಾಗದು. ಆ ಹೊತ್ತಿನಲ್ಲಿ ಮಕ್ಕಳ ಬಳಿ ಯಾರಿದ್ದರು, ಹೆತ್ತವರಿಗೆ ಯಾವಾಗ ತಿಳಿಸಿದರು ಎಂಬುದೂ ಮುಖ್ಯ. ದಯವಿಟ್ಟು ಮಗುವನ್ನೇ ಪದೇ ಪದೇ ಕೇಳಿ ಬಾಯಿಗೆ ಮಾತು ತುಂಬಬೇಡಿ.

ಕ್ರೌರ್ಯ ಸಾಬೀತಾದರೆ 2015ರ ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ ಆರೈಕೆ ಸಂಸ್ಥೆಯ ಸಿಬ್ಬಂದಿಗೆ 5 ವರ್ಷದವರೆಗೆ ಕಠಿಣ ಸಜೆ, 5 ಲಕ್ಷ ರೂಪಾಯಿವರೆಗೆ ದಂಡ ಇದೆ.