ಅಟ್ಟದ ಬಾವಲಿಗೆ ಬಿಳಿ ಮೂತಿ: ಅಮೆರಿಕದ ರೋಗ ಇಲ್ಲಿಗೂ ಬಂತಾ?

ಪ್ರಶ್ನೆ: ತೀರ್ಥಹಳ್ಳಿ ಹತ್ತಿರ ನಮ್ಮ ಅಡಿಕೆ ತೋಟ, ಹಳೇ ಹೆಂಚಿನ ಮನೆ. ಅಟ್ಟದಲ್ಲಿ ಪುಟ್ಟ ಬಾವಲಿಗಳು ಜೋತುಬಿದ್ದಿರುತ್ತವೆ. ಮೊನ್ನೆ ಒಂದರ ಮೂತಿ ಬೆಳ್ಳಗೆ ಕಂಡಿತು. ಅಮೆರಿಕದಲ್ಲಿ ಶಿಲೀಂಧ್ರ ತಗುಲಿ ಬಾವಲಿಗಳು ರಾಶಿ ರಾಶಿ ಸತ್ತವಂತೆ. ಇದೂ ಅದೇನಾ? ಮನೆಯಲ್ಲಿ ಹೊಗೆ ಹಾಕಿ ಓಡಿಸೋಣ ಅಂತಿದ್ದಾರೆ.

ಉತ್ತರ: ಹೊಗೆ ಮಾತ್ರ ಹಾಕಬೇಡಿ. ಹಾರಲು ಬಾರದ ಮರಿಗಳಿದ್ದರೆ ಅಲ್ಲೇ ಉಸಿರುಗಟ್ಟಿ ಸಾಯುತ್ತವೆ.

ನೀವು ಕೇಳಿದ್ದು 'ವೈಟ್ ನೋಸ್ ಸಿಂಡ್ರೋಮ್' ಬಗ್ಗೆ. 2006ರಲ್ಲಿ ನ್ಯೂಯಾರ್ಕ್ ರಾಜ್ಯದ ಗುಹೆಯೊಂದರಲ್ಲಿ ಮೊದಲು ಕಂಡಿತು. ಆಮೇಲೆ ಲಕ್ಷಗಟ್ಟಲೆ ಬಾವಲಿಗಳು ಹೋದವು. ಮೂರು ಜಾತಿಗಳಲ್ಲಂತೂ ನೂರಕ್ಕೆ 90ಕ್ಕಿಂತ ಜಾಸ್ತಿ. ಅದು ಕೊಲ್ಲುವ ರೀತಿಯೇ ವಿಚಿತ್ರ. ಅಲ್ಲಿನ ಬಾವಲಿಗಳು ಚಳಿಗಾಲವಿಡೀ ಗುಹೆಯಲ್ಲಿ ನಿದ್ದೆ ಹೋಗುತ್ತವೆ. ಮೈ ಹೆಚ್ಚುಕಡಿಮೆ ಗುಹೆಯಷ್ಟೇ ತಣ್ಣಗಾಗುತ್ತದೆ, ರೋಗ ತಡೆಯುವ ಶಕ್ತಿಯೂ ಕುಗ್ಗುತ್ತದೆ. ಆಗ ಶಿಲೀಂಧ್ರ ಮೂತಿ ಮೇಲೆ ಬೆಳೆದು, ರೆಕ್ಕೆಯ ತೊಗಲಿನೊಳಕ್ಕೂ ಇಳಿಯುತ್ತದೆ. ಬಾವಲಿಗೆ ಪದೇ ಪದೇ ಎಚ್ಚರವಾಗುತ್ತದೆ. ಎದ್ದಾಗಲೆಲ್ಲ ಮೈ ಬಿಸಿ ಮಾಡಿಕೊಳ್ಳಲು ಕೂಡಿಟ್ಟ ಕೊಬ್ಬು ಕರಗುತ್ತದೆ. ಹೊರಗೆ ಹಿಮ, ತಿನ್ನಲು ಒಂದು ಹುಳವೂ ಸಿಗದು. ಕೊನೆಗೆ ಹಸಿವಿನಿಂದಲೇ ಸಾಯುತ್ತವೆ.

ಈ ಶಿಲೀಂಧ್ರಕ್ಕೆ ಹಿತವಾದದ್ದು 12ರಿಂದ 16 ಡಿಗ್ರಿ. 20 ದಾಟಿತೆಂದರೆ ಬೆಳೆಯುವುದೇ ಇಲ್ಲ. ಮಲೆನಾಡಿನ ಚಳಿ ಎಷ್ಟೇ ಇರಲಿ, ಮಧ್ಯಾಹ್ನ ಹೆಂಚಿನ ಕೆಳಗೆ ಹೇಗಿರುತ್ತೆ ಅಂತ ನಿಮಗೇ ಗೊತ್ತಲ್ವಾ? ನಮ್ಮ ಬಾವಲಿಗಳು ತಿಂಗಳುಗಟ್ಟಲೆ ಮಲಗುವುದೂ ಇಲ್ಲ. ಕೊಳೆ, ಎಲೆಚುಕ್ಕಿ ಅಂತ ಬೇಸತ್ತ ಅಡಿಕೆಯವರಿಗೆ ಶಿಲೀಂಧ್ರ ಅಂದರೇ ಎದೆ ಝಲ್ ಅನ್ನುತ್ತೆ, ಬಿಡಿ. ಅದೇ ಬೇರೆ, ಇದೇ ಬೇರೆ.

ನೀವು ಕಂಡದ್ದು ಗೋಡೆಯ ಸುಣ್ಣವೋ ಜೇಡರ ಬಲೆಯೋ ಇರಬಹುದು. ಆ ಬಾವಲಿ ಸಂಜೆ ಉಳಿದವುಗಳ ಜೊತೆ ಹಾರಿಹೋದರೆ ಸುಮ್ನೆ ಬಿಟ್ಟುಬಿಡಿ. ಸತ್ತು ಬಿದ್ದಿದ್ದರೆ ಅರಣ್ಯ ಇಲಾಖೆಗೋ ಪಶುವೈದ್ಯರಿಗೋ ತಿಳಿಸಿ, ಬರಿಗೈಯಲ್ಲಿ ಮುಟ್ಟಬೇಡಿ. ಬಿಳಿ ಮೂತಿ ರೋಗ ಮನುಷ್ಯರಿಗೆ ಬರುವುದಿಲ್ಲ, ಆದರೆ ರೇಬೀಸ್ ವಿಷಯದಲ್ಲಿ ಹುಷಾರಾಗಿರಬೇಕು.

ಶಿಲೀಂಧ್ರಕ್ಕೆ ಹೆದರಲೇಬೇಕು ಅಂದರೆ ಹಳೇ ಹಿಕ್ಕೆಗೆ ಹೆದರಿ. ಅದರಲ್ಲಿ ಹಿಸ್ಟೋಪ್ಲಾಸ್ಮಾ ಅನ್ನೋದು ಬೆಳೆಯಬಹುದು. ಧೂಳಿನ ಜೊತೆ ಒಳಗೆ ಹೋದರೆ ಶ್ವಾಸಕೋಶಕ್ಕೆ ತೊಂದರೆ. ಅಟ್ಟ ಗುಡಿಸುವ ಮುಂಚೆ ನೀರು ಚಿಮುಕಿಸಿ, ಮೂಗು ಬಾಯಿಗೆ ಒಳ್ಳೇ ಮಾಸ್ಕ್ ಹಾಕಿಕೊಳ್ಳಿ, ಮಕ್ಕಳನ್ನು ಹತ್ತಿರ ಬಿಡಬೇಡಿ.