ಸೊನ್ನೆಯ ಮೇಲಿನ ಮೋಹ

ಓದುಗರ ಪತ್ರ: ಬ್ರಿಟನ್ನಿನ ಹೆವಿವೇಟ್ ಬಾಕ್ಸರ್ ಮೋಸೆಸ್ ಇಟೌಮಾನನ್ನು ಎಲ್ಲರೂ ಮುಂದಿನ ಟೈಸನ್ ಅಂತ ಕೊಂಡಾಡುತ್ತಿದ್ದಾರೆ. 2025ರ ಆಗಸ್ಟ್ 16ರಂದು ರಿಯಾದ್‌ನಲ್ಲಿ ಡಿಲಿಯನ್ ವೈಟ್‌ನನ್ನು ಎರಡು ನಿಮಿಷದೊಳಗೆ ಮುಗಿಸಿದ, ನಿಜ. ಆದರೆ ವೈಟ್‌ಗೆ ವಯಸ್ಸಾಗಿದೆ. ಉಳಿದ ಎದುರಾಳಿಗಳೂ ಅಷ್ಟಕ್ಕಷ್ಟೆ. ಇದೆಲ್ಲ ಬರೀ ಬಿಲ್ಡಪ್ ಅಲ್ವಾ? ಗಟ್ಟಿಗ ಒಬ್ಬ ಸಿಕ್ಕಿ ಇವನು ಸೋತ ದಿನ ಎಲ್ಲ ಬಯಲಾಗುತ್ತೆ ಅನ್ನುವುದು ನನ್ನ ಅನಿಸಿಕೆ. ನೀವೇನಂತೀರಿ?

ಸಂಪಾದಕರ ಉತ್ತರ: ನಿಮ್ಮ ಒಂದು ಮಾತನ್ನು ಮೊದಲೇ ಒಪ್ಪುತ್ತೇನೆ. ಆ ಪಂದ್ಯದ ಹೊತ್ತಿಗೆ ವೈಟ್‌ಗೆ 37 ವರ್ಷ. 2020ರಲ್ಲಿ ಪೊವೆಟ್ಕಿನ್, 2022ರಲ್ಲಿ ಫ್ಯೂರಿ ಅವನನ್ನು ಮಲಗಿಸಿದ್ದರು. ಅಂಥವನನ್ನು ಗೆದ್ದ ಮಾತ್ರಕ್ಕೆ ಯಾರೂ ದೊಡ್ಡವರಾಗಿಬಿಡುವುದಿಲ್ಲ. ಅಲ್ಲಿಗೆ ನಮ್ಮ ಒಪ್ಪಂದ ಮುಗಿಯಿತು. ನಿಮ್ಮ ಕೊನೆಯ ಸಾಲಿನ ಬಗ್ಗೆ ನನಗೆ ದೊಡ್ಡ ತಕರಾರಿದೆ.

ಸೋತ ದಿನ ಎಲ್ಲ ಬಯಲಾಗುತ್ತೆ ಅಂದಿರಿ. ಏನು ಬಯಲಾಗುತ್ತೆ? ವೈಟ್‌ನನ್ನು ಗೆದ್ದ ದಿನ ಇಟೌಮಾಗೆ ಇಪ್ಪತ್ತು ವರ್ಷ. ಅದೇ ಇಪ್ಪತ್ತನೇ ವಯಸ್ಸಿನಲ್ಲಿ ಮ್ಯಾನಿ ಪಾಕಿಯಾವೋ ಥಾಯ್ಲೆಂಡಿನ ಬಾಕ್ಸರ್ ಒಬ್ಬನಿಂದ ನಾಕೌಟ್ ಆಗಿದ್ದ. ಅದಕ್ಕೂ ಮೊದಲು, 1996ರಲ್ಲಿ, ಇನ್ನೊಮ್ಮೆ ನಾಕೌಟ್ ಆಗಿದ್ದ. ಅವತ್ತು ನೀವು ಪತ್ರ ಬರೆದಿದ್ದರೆ ಅವನ ಕಥೆ ಮುಗಿಯಿತು ಅಂತಲೇ ಬರೆಯುತ್ತಿದ್ದಿರಿ. ಅದೇ ಪಾಕಿಯಾವೋ ಮುಂದೆ ಎಂಟು ತೂಕ ವಿಭಾಗಗಳಲ್ಲಿ ವಿಶ್ವ ಚಾಂಪಿಯನ್ ಆದ. ಬರ್ನಾರ್ಡ್ ಹಾಪ್ಕಿನ್ಸ್ 1988ರಲ್ಲಿ ತನ್ನ ಮೊದಲ ವೃತ್ತಿಪರ ಪಂದ್ಯವನ್ನೇ ಸೋತಿದ್ದ. ಆಮೇಲೆ ಮಿಡಲ್‌ವೇಟ್ ಬೆಲ್ಟನ್ನು ಇಪ್ಪತ್ತು ಬಾರಿ ಉಳಿಸಿಕೊಂಡ.

ಬಿಲ್ಡಪ್ಪಿನ ಹುಡುಗರು ಇಲ್ಲವೇ? ಇದ್ದಾರೆ. ಎಡ್ಗರ್ ಬೆರ್ಲಾಂಗಾ ತನ್ನ ಮೊದಲ ಹದಿನಾರು ಪಂದ್ಯಗಳನ್ನೂ ಮೊದಲ ಸುತ್ತಿನಲ್ಲೇ ನಾಕೌಟ್ ಮಾಡಿ ಗೆದ್ದ. ಕೇಳಿದರೆ ಮೈ ಜುಮ್ಮೆನ್ನುತ್ತೆ. ಎದುರಾಳಿಗಳ ಗುಣಮಟ್ಟ ಏರುತ್ತಿದ್ದ ಹಾಗೆ ಆ ಸರಣಿ ನಿಂತಿತು. ಮೆಕ್ಸಿಕೋದ ಚಾಂಪಿಯನ್ ಕನೆಲೊ ಎದುರು ಸೋತ, 2025ರ ಜುಲೈನಲ್ಲಿ ಹಮ್ಜಾ ಶಿರಾಜ್ ಅವನನ್ನು ಐದನೇ ಸುತ್ತಿನಲ್ಲಿ ಮುಗಿಸಿದ. ಆದರೆ ಹದಿನಾರರ ಲೆಕ್ಕವನ್ನು ಡಂಗುರ ಸಾರಿದವರು ಯಾರು? ಪ್ರಮೋಟರ್, ಟಿವಿ, ಪತ್ರಿಕೆಗಳು. ಮೊದಲ ಸುತ್ತಿನಲ್ಲೇ ಆಟ ಮುಗಿದರೆ ಹುಡುಗನಿಗೆ ಎರಡನೇ ಸುತ್ತಿನಲ್ಲಿ ಉಸಿರು ಕಾಯುವುದು ಹೇಗೆ, ಪೆಟ್ಟು ತಿಂದ ಮೇಲೆ ಎದುರಾಳಿಯನ್ನು ತಬ್ಬಿ ಸಮಯ ಕಳೆಯುವುದು ಹೇಗೆ, ಯಾವುದೂ ಗೊತ್ತಾಗುವುದಿಲ್ಲ. ಅದು ಅವನ ತಪ್ಪಲ್ಲ.

ಇಟೌಮಾ ಬೇರೆ ತರಹ ಕಾಣುತ್ತಾನೆ ನನಗೆ. 2022ರಲ್ಲಿ ಯೂತ್ ವಿಶ್ವ ಚಾಂಪಿಯನ್ ಆಗಿ ಬಂದವನು. ಎಡಗೈ ಬಾಕ್ಸರ್. ದೊಡ್ಡ ಮೈಯ ಹುಡುಗರು ಒಂದು ಭಾರೀ ಹೊಡೆತಕ್ಕೆ ಕಾಯುತ್ತಾ ನಿಂತುಬಿಡುವುದು ಜಾಸ್ತಿ. ಇವನು ನಿಲ್ಲುವುದಿಲ್ಲ. ಒಂದು ಹೊಡೆತದ ಹಿಂದೆ ಇನ್ನೊಂದನ್ನು ಜೋಡಿಸುತ್ತಾನೆ, ವೈಟ್‌ನನ್ನು ಹಗ್ಗದ ಕಡೆಗೆ ಒತ್ತಿದ ಮೇಲೆ ಅವಸರಪಡದೆ ಹೊಡೆದ. ಕೆಲಸ ಕಲಿತವನ ಲಕ್ಷಣ ಅದು. ಎದುರಾಳಿ ಮುದುಕನೋ ತರುಣನೋ, ಆ ಲಕ್ಷಣ ಸುಳ್ಳಾಗುವುದಿಲ್ಲ. ಇನ್ನೂ ಗೊತ್ತಿಲ್ಲದ್ದು ಅವನ ದಮ್ಮು. ವೈಟ್ ಪಂದ್ಯದವರೆಗಿನ ಹದಿಮೂರು ಪಂದ್ಯಗಳಲ್ಲಿ ಹನ್ನೊಂದು ನಾಕೌಟ್. ಅಲ್ಲಿಯವರೆಗೆ ಆರು ಸುತ್ತಿನಾಚೆ ಅವನು ಹೋಗಿರಲಿಲ್ಲ.

ಟೈಸನ್ ಹೋಲಿಕೆಯನ್ನಂತೂ ಇಬ್ಬರೂ ಬಿಡೋಣ. ಟೈಸನ್ 1986ರಲ್ಲಿ ಬರ್ಬಿಕ್‌ನನ್ನು ಹೊಡೆದು ಚಾಂಪಿಯನ್ ಆದಾಗ ವಯಸ್ಸು 20 ವರ್ಷ 4 ತಿಂಗಳು. ಇಟೌಮಾ ಆ ವಯಸ್ಸು ದಾಟಿ ಆಯಿತು. ಅಷ್ಟಕ್ಕೂ ಟೈಸನ್ ಅದೇ ವರ್ಷದ ಮೇ ತಿಂಗಳಲ್ಲಿ ಜೇಮ್ಸ್ ಟಿಲ್ಲಿಸ್ ಎದುರು ಹತ್ತು ಸುತ್ತು ಪೂರ್ತಿ ಆಡಬೇಕಾಯಿತು. ಆ ಪಂದ್ಯವನ್ನು ಯಾರೂ ನೆನೆಯುವುದಿಲ್ಲ. ಇಪ್ಪತ್ತೊಂದರ ಅಲಿ, ಆಗಿನ್ನೂ ಕ್ಯಾಸಿಯಸ್ ಕ್ಲೇ, 1963ರಲ್ಲಿ ವೆಂಬ್ಲಿಯಲ್ಲಿ ಹೆನ್ರಿ ಕೂಪರ್‌ನ ಎಡಗೈ ಹುಕ್ಕಿಗೆ ನೆಲಕ್ಕೆ ಬಿದ್ದಿದ್ದ. ನಾಲ್ಕನೇ ಸುತ್ತು ಮುಗಿಯುವ ಹೊತ್ತಾಗಿತ್ತು, ಗಂಟೆ ಹೊಡೆದದ್ದರಿಂದ ಬಚಾವಾದ. ಐದನೇ ಸುತ್ತಿನಲ್ಲಿ ಅವನೇ ಗೆದ್ದ. ಎಂಟು ತಿಂಗಳ ನಂತರ ಲಿಸ್ಟನ್‌ನಿಂದ ವಿಶ್ವ ಪಟ್ಟ ಕಿತ್ತುಕೊಂಡ.

ನನ್ನ ನಿಜವಾದ ಸಂಕಟ ಇರುವುದು ಬಾಕ್ಸರನ ದಾಖಲೆಯಲ್ಲಿ ಸೋಲಿನ ಕಾಲಮ್ಮಿನ ಆ ಸೊನ್ನೆಯ ಬಗ್ಗೆ, ಅಂದರೆ ಒಮ್ಮೆಯೂ ಸೋತಿಲ್ಲ ಅನ್ನುವ ಗುರುತಿನ ಬಗ್ಗೆ. ಅದನ್ನು ಕಾಯುವುದಕ್ಕಾಗಿಯೇ ಒಳ್ಳೆಯ ಪಂದ್ಯಗಳು ನಡೆಯುತ್ತಿಲ್ಲ. ಸೋಲೇ ಕಾಣದ ಮೇವೆದರ್ ಮತ್ತು ಪಾಕಿಯಾವೋ ನಡುವಿನ ಪಂದ್ಯದ ಮಾತುಕತೆ 2009ರಲ್ಲೇ ಶುರುವಾಗಿತ್ತು. ನಡೆದದ್ದು 2015ರ ಮೇ ತಿಂಗಳಲ್ಲಿ. ಅಷ್ಟು ಹೊತ್ತಿಗೆ ಒಬ್ಬನಿಗೆ 38, ಇನ್ನೊಬ್ಬನಿಗೆ 36. ಇಬ್ಬರ ಅತ್ಯುತ್ತಮ ವರ್ಷಗಳ ಜಗಳವನ್ನು ನಾವು ನೋಡಲೇ ಇಲ್ಲ.

ಸೊನ್ನೆ ಕಳೆದುಕೊಂಡವನಿಗೆ ಏನು ಮಾಡುತ್ತೇವೆ ಅನ್ನುವುದಕ್ಕೆ ಬ್ರಿಟನ್ನಿನ ಇನ್ನೊಬ್ಬ ಹೆವಿವೇಟ್ ಡೇನಿಯಲ್ ಡುಬಾಯ್‌ನ ಕಥೆ ಸಾಕು. 2020ರ ನವೆಂಬರ್‌ನಲ್ಲಿ ಜೋ ಜಾಯ್ಸ್ ಎದುರು, ಕಣ್ಣಿನ ಸುತ್ತಲ ಮೂಳೆ ಮುರಿದು, ಹತ್ತನೇ ಸುತ್ತಿನಲ್ಲಿ ಮಂಡಿಯೂರಿದ. ಮಾಜಿ ಬಾಕ್ಸರುಗಳೇ ಅವನನ್ನು ಹೇಡಿ ಅನ್ನುವ ಧಾಟಿಯಲ್ಲಿ ಮಾತಾಡಿದರು. ಇಪ್ಪತ್ಮೂರು ವರ್ಷದ ಹುಡುಗ ಕಣ್ಣು ಉಳಿಸಿಕೊಂಡದ್ದು ಅಪರಾಧವಾಯಿತು. ನಾಲ್ಕು ವರ್ಷದ ನಂತರ ಅವನೇ ವೆಂಬ್ಲಿಯಲ್ಲಿ ಆಂಥನಿ ಜೋಶುವಾನನ್ನು ಐದನೇ ಸುತ್ತಿನಲ್ಲಿ ನಾಕೌಟ್ ಮಾಡಿದ. ಹಳೆಯ ಮಾತನ್ನು ಎಷ್ಟು ಜನ ಹಿಂದಕ್ಕೆ ತೆಗೆದುಕೊಂಡರು? 2025ರಲ್ಲಿ ಹೆವಿವೇಟ್ ಚಾಂಪಿಯನ್ ಉಸಿಕ್ ಎದುರು ಸೋತ ಕೂಡಲೇ ಮತ್ತೆ ಅದೇ ರಾಗ.

ಎರಡು ನಿಮಿಷದ ವಿಡಿಯೋ ನೋಡಿ ಒಬ್ಬನನ್ನು ಅಟ್ಟಕ್ಕೇರಿಸುವುದು, ಇನ್ನೊಂದು ವಿಡಿಯೋ ನೋಡಿ ಕೆಳಗೆ ತಳ್ಳುವುದು ಎಲ್ಲ ಆಟಗಳಲ್ಲೂ ನಡೆಯುತ್ತಿದೆ. ನಮ್ಮ ಕ್ರೀಡಾ ಬರಹಗಾರರೂ ಅದನ್ನೇ ಮಾಡುತ್ತಾರೆ. ಕಾಯುವ ತಾಳ್ಮೆ ಇರಬೇಕಾದವರೇ ಮೊದಲು ಕೂಗುತ್ತಾರೆ. ನೀವು ಹಾಗೆ ಕೂಗಲಿಲ್ಲ, ಅನುಮಾನಪಟ್ಟಿರಿ. ಅದು ನನಗೆ ಇಷ್ಟವಾಯಿತು. ಆದರೆ ಆ ಅನುಮಾನವನ್ನು ಸ್ವಲ್ಪ ಈ ಬಿಲ್ಡಪ್ ಮಾರುವವರ ಕಡೆಗೂ ತಿರುಗಿಸಿ.

ಒಂದು ಕೆಲಸ ಮಾಡಿ. ವೈಟ್ ಪಂದ್ಯವನ್ನು ಪಕ್ಕಕ್ಕಿಡಿ. ಇಟೌಮಾ ನಾಕೌಟ್ ಮಾಡಲಾಗದೆ ಆರು ಸುತ್ತು ಪೂರ್ತಿ ಆಡಿದ ಎರಡು ಪಂದ್ಯಗಳಿವೆ. ಅವನ್ನು ಸಮಾಧಾನವಾಗಿ ನೋಡಿ. ಐದನೇ ಸುತ್ತಿನಲ್ಲಿ ಅವನ ಕಾಲು ಹೇಗಿದೆ, ಕೈ ಎಷ್ಟು ಕೆಳಗೆ ಬರುತ್ತೆ, ಹೊಡೆತ ಬಿದ್ದ ಮೇಲೆ ಏನು ಮಾಡುತ್ತಾನೆ, ಗಮನಿಸಿ. ನೋಡಿ ಮತ್ತೆ ಬರೆಯಿರಿ, ಅದನ್ನೂ ಪ್ರಕಟಿಸುತ್ತೇನೆ.